ಹಿತ್ತಲ ಓಣಿಯೂ ಮದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಔಷಧಿಗೆ ಹೇಗೋ ಊರಿಗೂ ಹಾಗೆಯೇ ಒಪ್ಪುತ್ತದೆ. ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದವರು, ಕಾಶಿ, ಕೂಡಲಸಂಗಮಗಳನ್ನು ಕಂಡು ಬಂದವರು ನಮ್ಮ ಸದ್ಭಕ್ತರಲ್ಲಿ ಅನೇಕರಿದ್ದಾರೆ. ಆದರೆ ತಮ್ಮ ಮನೆಯಿಂದ ಅರ್ಧ ಮೈಲು ದೂರದ ಓಣಿಯ ಹೆಸರು ಕೇಳಿದರೆ ತಡವರಿಸುತ್ತಾರೆ. ಮನೆ, ಅಂಗಡಿ, ಮಠ, ಬಸ್ ನಿಲ್ದಾಣ ಎಂಬ ನಾಲ್ಕು ಗೂಟಗಳ ನಡುವೆಯೇ, ಅದೂ ಬೈಕಿನ ಮೇಲೆ, ನಮ್ಮ ವರ್ಷಗಳು ಉರುಳುತ್ತವೆ. ತಿಂಗಳಿಗೊಂದು ದಿನವನ್ನಾದರೂ ಸ್ವಂತ ಊರಿನ ಕಾಣದ ಓಣಿಗಳಲ್ಲಿ ನಡೆಯಲು ಮೀಸಲಿಡುವುದು ದೇಹಕ್ಕೂ ನೆನಪಿಗೂ ಹಿತವೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಮಿಕ್ಕಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿರುಸಿನ ನಡಿಗೆ ಅದಕ್ಕೆ ಸಾಕು. ವೈದ್ಯರು ಇದನ್ನು ಹೇಳದೆ ಕಳಿಸುವುದಿಲ್ಲ, ನಾವು ಕೇಳದೆ ಬರುವುದೂ ಇಲ್ಲ. ಆದರೂ ಎಂಟು ದಿನ ಶಾಲೆಯ ಮೈದಾನ ಸುತ್ತಿದವರು ಒಂಬತ್ತನೆಯ ದಿನ ಹಾಸಿಗೆ ಬಿಡುವುದಿಲ್ಲ. ಕಾಲಿಗಿಂತ ಮೊದಲು ಮನಸ್ಸು ದಣಿಯುವುದೇ ಇದಕ್ಕೆ ಕಾರಣ. ಹೊಸ ಓಣಿಯಲ್ಲಿ ಕಣ್ಣಿಗೆ ಕೆಲಸವಿರುವುದರಿಂದ ನಡೆದ ದೂರ ತಿಳಿಯುವುದಿಲ್ಲ.

ಇದರ ಇನ್ನೊಂದು ಲಾಭ ಮಿದುಳಿಗೆ ಸಂಬಂಧಿಸಿದ್ದು. ನಮ್ಮ ಮಿದುಳಿನೊಳಗೆ ಹಿಪ್ಪೊಕ್ಯಾಂಪಸ್ ಎಂಬ, ಕಡಲಕುದುರೆಯ ಆಕಾರದ ಭಾಗವಿದೆ. ದಾರಿಯ ನೆನಪು, ಘಟನೆಗಳ ನೆನಪು ಎರಡಕ್ಕೂ ಅದೇ ಆಸರೆ. ಸ್ಥಳವನ್ನು ಗುರುತಿಸುವ ಜೀವಕೋಶಗಳು ಅಲ್ಲಿವೆಯೆಂದು ಜಾನ್ ಓಕೀಫ್ 1971ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. 2014ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ವಯಸ್ಸಾದಂತೆ ಈ ಭಾಗ ಕುಗ್ಗುತ್ತದೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ವರ್ಷ ವಾರಕ್ಕೆ ಮೂರು ದಿನ ನಡೆದವರಲ್ಲಿ ಅದು ಸುಮಾರು ಶೇಕಡಾ 2ರಷ್ಟು ಬೆಳೆದಿತ್ತು. ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಮರೆವಿನ ಕಾಯಿಲೆಗೆ ನಡಿಗೆಯೇ ಔಷಧಿಯೆಂದು ಇದರ ಅರ್ಥವಲ್ಲ. ಆದರೆ ದಾರಿ ಹುಡುಕುತ್ತ ನಡೆಯುವವರ ಕಾಲು ಮತ್ತು ಮಿದುಳು ಒಟ್ಟಿಗೆ ದುಡಿಯುತ್ತವೆ ಎಂಬುದು ನಿಜ.

ಕಳೆದ ಚಳಿಗಾಲದಲ್ಲಿ ನಾವು ಕೆಲವರು ಕೂಡಿ ಸವದತ್ತಿಯಲ್ಲಿ ಇಂಥದೊಂದು ದಿನವನ್ನು ಕಳೆದೆವು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಸವದತ್ತಿ ದಾಟಿಹೋಗುವ ಊರು. ಆದರೆ ಬೆಳಗಾವಿಗೆ ಹೋಗುವ ಮುನ್ನ ರಟ್ಟ ಅರಸರ ರಾಜಧಾನಿಯಾಗಿದ್ದ ಸುಗಂಧವರ್ತಿ ಇದೇ. ಅವರ ಕಾಲದ ಅಂಕೇಶ್ವರ, ಪುರದೇಶ್ವರ ದೇವಾಲಯಗಳು ಇಂದಿಗೂ ಮನೆಗಳ ನಡುವೆ ನಿಂತಿವೆ. ಹದಿನೆಂಟನೆಯ ಶತಮಾನದಲ್ಲಿ ಶಿರಸಂಗಿಯ ಜಾಯಪ್ಪ ದೇಸಾಯಿಯವರು ಕಟ್ಟಿಸಿದ ಕೋಟೆಯನ್ನು ನಿತ್ಯ ಹೊರಗಿನಿಂದ ನೋಡುವ ನಮ್ಮಲ್ಲಿಯೇ ಇಬ್ಬರು ಒಳಗಿನ ಕಾಡಸಿದ್ಧೇಶ್ವರ ಗುಡಿಯನ್ನು ಮೊದಲ ಬಾರಿಗೆ ಕಂಡದ್ದು ಅಂದು.

ಬಿಸಿಲೇರುವ ಮುನ್ನ ಊರಂಚಿನ, ನಾವಾರೂ ಕಾಲಿಡದ ಓಣಿಯೊಂದಕ್ಕೆ ಹೊರಳಿದೆವು. ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದ ತಾಯಂದಿರು ಯಾರ ಮನೆ ಹುಡುಕುತ್ತೀರಿ ಎಂದು ವಿಚಾರಿಸಿದರು. ಯಾರದೂ ಅಲ್ಲ, ಓಣಿ ನೋಡಲು ಬಂದೆವು ಎಂದಾಗ ನಕ್ಕು, ಒಬ್ಬ ಹಿರಿಯರ ಕಟ್ಟೆಗೆ ಕಳಿಸಿದರು. ಎಂಬತ್ತು ದಾಟಿದ ಆ ಹಿರಿಯರದು ಮಲಪ್ರಭೆಯ ದಂಡೆಯಲ್ಲಿದ್ದ ಊರು. ನವಿಲುತೀರ್ಥದಲ್ಲಿ, ಗುಡ್ಡವನ್ನು ಸೀಳಿ ನದಿ ಹರಿಯುವಲ್ಲಿ, ಅಣೆಕಟ್ಟು ಎದ್ದು 1970ರ ದಶಕದ ಆರಂಭದಲ್ಲಿ ನೀರು ನಿಂತಾಗ ಅವರ ಊರು ರೇಣುಕಾಸಾಗರದ ಅಡಿಗೆ ಹೋಯಿತು. ಬೆಳಿಗ್ಗೆ ಏನು ಉಂಡೆನೆಂಬುದು ಅವರಿಗೆ ಮರೆತಿತ್ತು. ಆದರೆ ಹನುಮಪ್ಪನ ಗುಡಿಯಿಂದ ಹೊರಟು, ಬಾವಿ, ಗರಡಿಮನೆ, ಕಂಬಾರರ ಸಾಲು, ಹೊಳೆಯ ದಾರಿ ಎಂದು ಬೆರಳಿನಿಂದ ಗೆರೆ ಎಳೆಯುತ್ತ ಮುಳುಗಿದ ಊರಿನ ಒಂದೊಂದು ಓಣಿಯನ್ನೂ ತೋರಿಸಿದರು. ನಮ್ಮಲ್ಲೊಬ್ಬರು, ಇವೆಲ್ಲ ಇನ್ನೂ ಹೇಗೆ ನೆನಪಿವೆ ಎಂದರು. ಎಲ್ಲ ಕಡೆ ನಡೆದಿದ್ದೆನಲ್ಲ ಎಂಬುದು ಅವರ ಉತ್ತರವಾಗಿತ್ತು.

ಅವರ ಊರು ನೀರಿನಲ್ಲಿದೆ, ಓಣಿಗಳು ನೆನಪಿನಲ್ಲಿವೆ. ನಮ್ಮ ಊರು ಕಣ್ಣೆದುರೇ ಇದೆ, ಓಣಿಗಳು ಮಾತ್ರ ನಮ್ಮಲ್ಲಿಲ್ಲ. ಇನ್ನೊಂದು ಸಂಗತಿಯೂ ನಮ್ಮ ಮನಸ್ಸಿಗೆ ನಾಟಿತು. ತಮ್ಮ ಊರಿನ ಮಾತನ್ನು ಹೊರಗಿನವರು ಕೇಳಿ ಬಹಳ ವರ್ಷಗಳಾದವು ಎಂದು ಅವರು ಹೇಳಿದರು. ಒಂಟಿತನವೂ ಆರೋಗ್ಯವನ್ನು ಕೆಡಿಸುತ್ತದೆ ಎಂದು ವೈದ್ಯಶಾಸ್ತ್ರ ಈಗ ಒಪ್ಪಿದೆ. ನಮ್ಮ ಒಂದು ಗಂಟೆಯಿಂದ ಅವರಿಗೂ ಹಿತವಾಯಿತು, ನಮಗೂ ಹಿತವಾಯಿತು.

ಹೊರಡುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಚಳಿಗಾಲವೇ ಉತ್ತಮ; ಬೇಸಿಗೆಯಾದರೆ ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ಬಳಿಕ ನಡೆಯಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜನಸಂದಣಿಯ ದಿನಗಳನ್ನು ಸವದತ್ತಿಯವರು ಬಿಡುವುದು ಲೇಸು. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು, ಊಟ, ಔಷಧಿಗಳ ಹೊತ್ತು ತಪ್ಪಿಸಬಾರದು. ಸಕ್ಕರೆ ಪ್ರಮಾಣ ಇಳಿದು ಬೆವರು, ನಡುಕ ಬಂದರೆ ತಿನ್ನಲು ಕಿಸೆಯಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಳ್ಳಬೇಕು. ಮನೆಗೆ ಬಂದೊಡನೆ ಪಾದಗಳಲ್ಲಿ ಬೊಬ್ಬೆ, ಗಾಯಗಳಿವೆಯೇ ಎಂದು ನೋಡಬೇಕು. ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಹೊರಡಬೇಕು. ಎದೆ ಬಿಗಿದರೆ ಅಲ್ಲಿಯೇ ಕುಳಿತು ನೆರವು ಕೋರಬೇಕು.

ದಾರಿಯನ್ನು ಮೊಬೈಲಿನಲ್ಲಿ ನೋಡದೆ ಜನರನ್ನು ಕೇಳಬೇಕು. ಕೇಳುವುದರಲ್ಲಿಯೇ ಅರ್ಧ ಲಾಭವಿದೆ. ಅನುಮತಿಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬಾರದು. ಯಾವ ಕೇರಿಯಲ್ಲಿ ಯಾರು ಚಹಾ ಕೊಟ್ಟರೂ ಕುಳಿತು ಕುಡಿಯಬೇಕು. ಕೇರಿಯಿಂದ ಕೇರಿಯನ್ನು ದೂರವಿಟ್ಟ ಬೇಲಿ ನಡೆದು ಹೋದಾಗಲೇ ಸಡಿಲವಾಗುತ್ತದೆ; ಶರಣರನ್ನು ನೆನೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೈಲಹೊಂಗಲದವರು ರಾಣಿ ಚೆನ್ನಮ್ಮನ ಸಮಾಧಿಯ ಆಚೀಚಿನ ಓಣಿಗಳಿಂದ, ಕಿತ್ತೂರು, ರಾಮದುರ್ಗದವರು ತಮ್ಮ ಕೋಟೆಯ ಸುತ್ತಿನಿಂದ ಆರಂಭಿಸಬಹುದು. ಮನೆಗೆ ಮರಳಿದ ಮೇಲೆ ನಡೆದ ಓಣಿಯ ಹೆಸರನ್ನೂ ಅಲ್ಲಿ ಮಾತಾಡಿದ ಒಬ್ಬರ ಹೆಸರನ್ನೂ ಬರೆದಿಡಿರಿ. ಮುಂದಿನ ತಿಂಗಳು ಹೊಸ ಓಣಿಗೆ ಹೊರಡುವ ಮುನ್ನ ಅವರನ್ನೊಮ್ಮೆ ಕಂಡು ಹೋಗಿರಿ.