ಒತ್ತಕ್ಷರಕ್ಕೆ ಮೊದಲೇ ಬಂದ ಗುಬ್ಬಕ್ಕ

ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ತರುಣ ಎ. ಕೆ. ರಾಮಾನುಜನ್ ಅವರು 1955ರಲ್ಲಿ ಕಿತ್ತೂರಿನ ವೃದ್ಧೆಯೊಬ್ಬಳ ಬಾಯಿಂದ ಕೇಳಿ ಸಂಗ್ರಹಿಸಿದ ಕಥೆಯೊಂದು, ಹಂಚಿನ ಮುಖವಾಡವನ್ನು ಧರಿಸಿ ಮನೆ ಬಿಟ್ಟು ನಡೆದ ಹುಡುಗಿಯೊಬ್ಬಳ ಕಥೆ, ‘ಹಂಚಿ’ ಎಂಬ ಹೆಸರಿನಿಂದ ಖಂಡಾಂತರಗಳನ್ನು ದಾಟಿ, 1982ರಲ್ಲಿ ಪ್ರಕಟವಾದ ಸಿಂಡ್ರೆಲಾ ಕಥೆಗಳ ವಿದ್ವತ್ಸಂಕಲನದಲ್ಲಿ ಸ್ಥಾನವನ್ನು ಪಡೆಯಿತು. ಅಜ್ಜಿಯ ಬಾಯಿಂದ ವಿದ್ವಾಂಸರ ಗ್ರಂಥದವರೆಗೆ ಸಾಗಿದ ಇಂಥ ಕಥೆಗೆ ನಮ್ಮ ಶಾಲೆಗಳ ಬಿನ್ನೆತ್ತೆಯ, ಎಂದರೆ ಅಕ್ಷರಾರಂಭದ ತರಗತಿಯ, ಕೋಣೆಯ ಬಾಗಿಲು ಮಾತ್ರ ಬಹುಕಾಲ ತೆರೆದಿರಲಿಲ್ಲ. ಅಲ್ಲಿ ಪಾಟಿ, ಪೇಣೆ, ಅಂಕಲಿಪಿ, ಕಾಗುಣಿತಗಳ ಆಳ್ವಿಕೆ. ಕಥೆಯೆಂಬುದು ಅಕ್ಷರಗಳೆಲ್ಲವೂ ವಶವಾದ ಮೇಲೆ ದೊರೆಯಬಹುದಾದ ಬಹುಮಾನ.

ಅಕ್ಷರಕ್ಕೂ ಕಥೆಗೂ ನಡುವಣ ಈ ವಿಚ್ಛೇದ ಪ್ರಾಚೀನವೇ ಸರಿ, ಆದರೆ ಪೂರ್ಣವಾದುದಲ್ಲ. ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ದುರ್ಗಸಿಂಹನು ಮಲಪ್ರಭೆಯ ಕೆಳದಂಡೆಯ ಕಿಸುಕಾಡುನಾಡಿನವನು. ನಮ್ಮ ಬೆಳಗಾವಿ ಸೀಮೆಯ ಸವದತ್ತಿ, ರಾಮದುರ್ಗಗಳ ನೀರೇ ಮುಂದೆ ಹರಿದು ಆ ನಾಡನ್ನು ಸೇರುತ್ತದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ವೃತ್ತಾಂತವನ್ನು ಬರೆದು ಕಳುಹಿಸಿದಾಗ, ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನೂ, ಪುರಾಣಗಳ ಜೊತೆಗೆ ಪಂಚತಂತ್ರ, ಬೇತಾಳ ಪಂಚವಿಂಶತಿಯಂಥ ಕಥೆಗಳು ಅಲ್ಲಿ ಓದಲ್ಪಡುವುದನ್ನೂ ಉಲ್ಲೇಖಿಸಿದ್ದಾನೆ. ಆದರೆ ಆತನ ಆಕ್ಷೇಪವೂ ಅಲ್ಲಿಯೇ ಉಂಟು: ಆ ಗ್ರಂಥಗಳ ಪದ್ಯಭಾಷೆ ಆಡುಮಾತಿನಿಂದ ದೂರವಾದುದರಿಂದ, ಮಕ್ಕಳು ಅರ್ಥವನ್ನರಿಯದೆಯೇ ಉಚ್ಚರಿಸುತ್ತಾರೆ. ಪರಕೀಯನ ಮಾತೆಂದು ಇದನ್ನು ತಳ್ಳಿಹಾಕುವ ಉತ್ಸಾಹ ನನಗಿಲ್ಲ. ಬಾಯಿಪಾಠವನ್ನೇ ಓದೆಂದು ಭ್ರಮಿಸುವ ಚಟ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಮುಂಬಯಿ ಆಧಿಪತ್ಯದ ಕಾಲದಲ್ಲಿ ತೊಡಕು ಇಮ್ಮಡಿಯಾಯಿತು. ಬೈಲಹೊಂಗಲವು ಸಂಪಗಾಂವ ತಾಲ್ಲೂಕಿನಲ್ಲಿಯೂ ಸವದತ್ತಿಯು ಪರಸಗಡ ತಾಲ್ಲೂಕಿನಲ್ಲಿಯೂ ಇದ್ದ ಆ ದಿನಗಳಲ್ಲಿ ಕನ್ನಡ ಮನೆಯ ಮಗು ಎಷ್ಟೋ ಕಡೆ ಮರಾಠಿಯಲ್ಲಿಯೇ ವಿದ್ಯಾರಂಭ ಮಾಡಬೇಕಾಗಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದ ಮೇಲೆ, 1865ರಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟ ಮೇಲೆ, ಭಾಷೆಯೇನೋ ಮನೆಯದಾಯಿತು. ವಾಚನಪುಸ್ತಕಗಳಲ್ಲಿ ಕಥೆಯೂ ಕಾಲಿಟ್ಟಿತು. ಆದರೆ ನೀತಿಯ ಕೈಹಿಡಿದುಕೊಂಡು. ನರಿ, ಕಾಗೆ, ಸಿಂಹಗಳೆಲ್ಲ ಕೊನೆಯ ಒಂದು ವಾಕ್ಯಕ್ಕಾಗಿ ದುಡಿಯುವ ಕೂಲಿಗಳಾದುವು. ಪಡುವಣ ತೀರದಲ್ಲಿ ಪಂಜೆ ಮಂಗೇಶರಾಯರು ಮಕ್ಕಳ ಕಥೆಯನ್ನು ಆ ಊಳಿಗದಿಂದ ಬಿಡಿಸಿ ನಗುವಿಗೂ ನಾದಕ್ಕೂ ಒಪ್ಪಿಸಿದರು. ಘಟ್ಟದ ಮೇಲಿನ ನಮ್ಮ ಶಾಲೆಗಳಿಗೆ ಆ ಗಾಳಿ ತಡವಾಗಿ ಬೀಸಿತೆಂದೇ ನನ್ನ ಭಾವನೆ.

ಅನಂತರ ಬಂದ ಸುಧಾರಣೆಗಳಲ್ಲಿ ‘ನಲಿ-ಕಲಿ’ ಪ್ರಮುಖವಾದುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು, 2009ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿ ಬೆತ್ತವನ್ನು ಮೂಲೆಗಿಟ್ಟು, ಮಕ್ಕಳನ್ನು ನೆಲದ ಮೇಲೆ ಗುಂಪುಗುಂಪಾಗಿ ಕುಳ್ಳಿರಿಸಿ, ಕಲಿಕೆಯ ಏಣಿಯನ್ನು ಅವರವರ ವೇಗದಲ್ಲಿ ಏರಲು ಬಿಟ್ಟಿತು. ಅದರ ಅಕ್ಷರಕ್ರಮ ವರ್ಣಮಾಲೆಯದಲ್ಲ. ರ, ಗ, ಸ, ದ, ಅ ಎಂದು ಮೊದಲಾಗುವುದು. ಬರೆಯಲು ಸುಲಭವಾದ ಈ ಅಕ್ಷರಗಳಿಂದ ಅರಸ, ಅಗಸ, ಗರಗಸ ಎಂಬ ಶಬ್ದಗಳು ಸಿದ್ಧವಾಗುವುವು. ಜಾಣತನದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಾಮದುರ್ಗದ ಹಳ್ಳಿಯೊಂದರ ಆರು ವರುಷದ ಕೂಸಿನ ಬಾಯಲ್ಲಿ ದಿನಬೆಳಗಾದರೆ ಆಡುವ ಮಾತುಗಳು ಯಾವುವು? ಅವ್ವ, ಅಪ್ಪ, ಅಜ್ಜ, ರೊಟ್ಟಿ, ಎಮ್ಮೆ, ಎತ್ತು, ಬೆಕ್ಕು, ಗುಬ್ಬಿ. ಪ್ರತಿಯೊಂದಕ್ಕೂ ಒಂದು ಒತ್ತು ಉಂಟು; ಒತ್ತಕ್ಷರದ ಸರದಿಯಾದರೋ ಮೂಲಾಕ್ಷರ, ಕಾಗುಣಿತಗಳೆಲ್ಲ ಮುಗಿದ ಮೇಲೆ. ಹೀಗಾಗಿ ಮಗು ತಾನು ಎಂದೂ ಕಾಣದ ಅರಸನನ್ನು ಮೊದಲು ಓದಿ, ಅವ್ವನನ್ನು ಓದಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಕಥೆಯ ಪುಸ್ತಕ ಈ ಸರದಿಯನ್ನು ಲೆಕ್ಕಿಸುವುದಿಲ್ಲ, ಅದರ ಶಕ್ತಿಯೂ ಇಲ್ಲಿಯೇ ಇದೆ. ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ತೆಗೆದುಕೊಳ್ಳಿ. ಮಳೆಗೆ ಮನೆ ಕೊಚ್ಚಿಹೋದ ಕಾಗೆ ಬಂದು ಕದ ತಟ್ಟುತ್ತದೆ. ಗುಬ್ಬಿ ಒಂದೊಂದು ನೆವ ಹೇಳಿ ಬಾಗಿಲು ತೆಗೆಯದು. ಮತ್ತೆ ತಟ್ಟುವುದು, ಮತ್ತೆ ನೆವ. ಮಾಸ್ತರರು ದೊಡ್ಡ ಅಕ್ಷರದ ಚಿತ್ರಪುಸ್ತಕವನ್ನು ಎದುರಿಗೆ ಹಿಡಿದು, ಸಾಲಿನ ಕೆಳಗೆ ಬೆರಳು ಸರಿಸುತ್ತ ಗಟ್ಟಿಯಾಗಿ ಓದಿದರೆ, ಮೂರನೆಯ ಸಲ ಕಾಗೆ ಬರುವಷ್ಟರಲ್ಲಿ ತರಗತಿಯೇ ಆ ವಾಕ್ಯವನ್ನು ಕೂಗಿ ಮುಗಿಸುತ್ತದೆ. ಮುಂದೇನಾದೀತೆಂದು ಪುಟ ತಿರುಗಿಸುವ ಮುನ್ನ ಕೇಳಿದರೆ ಹತ್ತು ಉತ್ತರಗಳು ಹುಟ್ಟುತ್ತವೆ. ‘ಗುಬ್ಬಕ್ಕ’ ಎಂಬ ಎರಡು ಒತ್ತುಗಳ ಶಬ್ದವನ್ನು ಬಿಡಿಸಿ ಓದಲು ಬಾರದ ಮಗು ಅದರ ಆಕಾರವನ್ನು ಇಡಿಯಾಗಿ ಗುರುತಿಸಿ, ಮುಂದೊಂದು ದಿನ ಬ್ಬ, ಕ್ಕಗಳನ್ನು ಕಲಿಯುವಾಗ ಹಳೆಯ ನಂಟನ್ನು ಕಾಣುತ್ತದೆ. ಹಾಗೆಂದು ಅಕ್ಷರಾಭ್ಯಾಸವನ್ನು ಕಥೆ ತೊಡೆದುಹಾಕಬಲ್ಲುದೆಂದು ಹೇಳುವವರನ್ನು ನಾನು ನಂಬಲಾರೆ. ಕಾಗುಣಿತ, ಒತ್ತುಗಳ ಸಂಯೋಗದಿಂದ ನೂರಾರು ರೂಪ ತಾಳುವ ನಮ್ಮ ಲಿಪಿ ನಿತ್ಯಾಭ್ಯಾಸವನ್ನು ಬೇಡುವುದು. 2013ರಿಂದ 2016ರವರೆಗೆ ಯಾದಗಿರಿಯ ಮಕ್ಕಳ ಓದುಬರಹವನ್ನು ಅಭ್ಯಸಿಸಿದ ಶೈಲಜಾ ಮೆನನ್ ಮತ್ತು ಸಂಗಡಿಗರ ಸಂಶೋಧನೆಯೂ ಅಕ್ಷರಜ್ಞಾನ, ಅರ್ಥಗ್ರಹಣಗಳೆರಡನ್ನೂ ಮೊದಲಿನಿಂದಲೇ ಜೊತೆಯಾಗಿ ಸಾಗಿಸಬೇಕೆಂಬ ಕಡೆಗೇ ವಾಲುತ್ತದೆ.

ಪುಸ್ತಕದ ಅಭಾವವೆಂಬ ನೆವ ಈಗ ಮೊದಲಿನಷ್ಟು ಸಲ್ಲದು. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಅಗ್ಗದ ಬೆಲೆಯ ಕನ್ನಡ ಚಿತ್ರಕಥೆಗಳನ್ನು ಹೊರತಂದಿದೆ. 2015ರಿಂದ ಅದರ ಸ್ಟೋರಿವೀವರ್ ತಾಣದಲ್ಲಿ ಅವು ಉಚಿತವಾಗಿಯೇ ದೊರೆಯುತ್ತವೆ. 2020ರ ಮಕ್ಕಳ ದಿನದಂದು ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಹೂಡಿ, 6ರಿಂದ 18ರ ವಯಸ್ಸಿನವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತಗೊಳಿಸಿತು. ಪುಸ್ತಕ ಬೀರುವಿನೊಳಗೆ ಬೀಗದಲ್ಲಿ ಉಳಿಯದಿದ್ದರೆ ಸಾಕು.

ಕಿತ್ತೂರಿನ ಹಂಚಿಯನ್ನು ತರಗತಿಗೆ ಕರೆತರುವ ಕೆಲಸ ಮಾತ್ರ ಸರಳವಲ್ಲ. ಆ ಕಥೆಯ ಪ್ರಾರಂಭದಲ್ಲಿ ಅಣ್ಣನೇ ತಂಗಿಯನ್ನು ಬಯಸುತ್ತಾನೆ. ಅದರಿಂದ ಪಾರಾಗಲೆಂದೇ ತಾಯಿ ಮಗಳಿಗೆ ಮುಖವಾಡ ತೊಡಿಸಿ ಕಳುಹಿಸುವುದು. ಅಡಿಗೆಮನೆಯಲ್ಲಿ ಅಳುಕದೆ ಹೇಳುತ್ತಿದ್ದುದನ್ನು ಶಾಲೆಯಲ್ಲಿ ಹೇಳಲು ಯಾವ ಮಾಸ್ತರರಿಗೂ ಸಂಕೋಚವಾದೀತು. ಮುಖವಾಡದಿಂದಲೇ ಆರಂಭಿಸಿ, ಕಾರಣವನ್ನು ಮೇಲಿನ ತರಗತಿಗೆ ಉಳಿಸುವುದು ನನಗೆ ಯುಕ್ತವಾಗಿ ತೋರುತ್ತದೆ. ಅದಕ್ಕಿಂತಲೂ ಉತ್ತಮವಾದ ದಾರಿಯೆಂದರೆ, ನಾಲ್ಕನೆಯ ಇಯತ್ತೆಯ ಮಕ್ಕಳು ತಮ್ಮ ತಮ್ಮ ಮನೆಯ ಅಜ್ಜಿಯರಿಂದ ಕಥೆ ಕೇಳಿ ಬಂದು ಹೇಳುವುದು, ಶಿಕ್ಷಕರು ಅದನ್ನು ಅವರ ಮಾತಿನಲ್ಲಿಯೇ ಕರಿಹಲಗೆಯ ಮೇಲೆ ಬರೆಯುವುದು. ಒಂದೇ ಕಥೆಯನ್ನು ಇಬ್ಬರು ಅಜ್ಜಿಯರು ಎರಡು ಬಗೆಯಾಗಿ ಹೇಳಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು. ತನ್ನ ಅಜ್ಜಿಯ ಕಥೆಯೇ ಸರಿಯೆಂದು ವಾದಿಸಲಿಕ್ಕಾಗಿ ಪ್ರತಿಯೊಂದು ಮಗುವೂ ಎರಡನ್ನೂ ಸಾಲುಸಾಲಾಗಿ ಓದದೆ ಬಿಡದು.