ಸಂದೇಶವಾಹಕ ಆ್ಯಪುಗಳ ಆಯ್ಕೆ: ಒಂದು ಐತಿಹಾಸಿಕ ವಿವೇಚನೆ

ಕೈಯಲ್ಲಿರುವ ಫೋನಿನಿಂದ ಮತ್ತೊಬ್ಬರಿಗೆ ನಾಲ್ಕು ಮಾತು ಬರೆದು ಕಳುಹಿಸುವುದಕ್ಕೆ ಇಂದು ಸಾಧನಗಳ ಕೊರತೆಯೇನೂ ಇಲ್ಲ. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಮುಂತಾದ ಆ್ಯಪುಗಳು ಬಹುಮಟ್ಟಿಗೆ ಒಂದೇ ಕೆಲಸವನ್ನು ಮಾಡುತ್ತವೆ, ಯಾವುದಕ್ಕೂ ಪ್ರವೇಶಶುಲ್ಕವಿಲ್ಲ. ಹೀಗಿರಲಾಗಿ, ನಮ್ಮ ದೇಶದ ಬಹುಜನರು ಇವುಗಳಲ್ಲಿ ಒಂದನ್ನೇ ಬಲವಾಗಿ ಹಿಡಿದುಕೊಂಡು ಉಳಿದವನ್ನು ಬದಿಗಿಟ್ಟಿರುವುದಕ್ಕೆ ಕಾರಣವೇನು? ಕೇಳಿದರೆ ಪ್ರತಿಯೊಬ್ಬರೂ ಆ್ಯಪಿನ ಗುಣವನ್ನೇ ಹೇಳುತ್ತಾರೆ: ಇದು ಸುಲಭ, ಇದು ಭದ್ರ, ಇದು ನೋಡಲು ಅಚ್ಚುಕಟ್ಟು. ಈ ಉತ್ತರಗಳು ಸುಳ್ಳಲ್ಲ, ಆದರೆ ಸಾಲವು. ಆ್ಯಪಿನ ಆಯ್ಕೆಯು ವ್ಯಕ್ತಿಯ ಆಯ್ಕೆಯಂತೆ ತೋರಿದರೂ ವಸ್ತುತಃ ಅದು ಬಳಗದ ಆಯ್ಕೆ. ಆ ಬಳಗವು ಮೊದಲು ಎಲ್ಲಿ, ಯಾವ ಕಾರಣದಿಂದ ನೆರೆಯಿತೆಂಬುದು ಚರಿತ್ರೆಗೆ ಸೇರಿದ ಪ್ರಶ್ನೆ. ಅದನ್ನು ಕೆಲಮಟ್ಟಿಗೆ ಇಲ್ಲಿ ವಿವೇಚಿಸಲಾಗಿದೆ.

ಸಾಧನವು ಹೊಸದಾದರೂ ಸಮಸ್ಯೆ ಹಳೆಯದು. ಅಮೆರಿಕದಲ್ಲಿ ಗ್ರಹಾಂ ಬೆಲ್ಲನ ಮೂಲ ಟೆಲಿಫೋನ್ ಪೇಟೆಂಟುಗಳ ಅವಧಿಯು ೧೮೯೩-೯೪ರಲ್ಲಿ ಮುಗಿದ ಮೇಲೆ, ಬೆಲ್ ಕಂಪನಿಗೆ ಪ್ರತಿಯಾಗಿ ಅನೇಕ ಊರುಗಳಲ್ಲಿ ಸ್ವತಂತ್ರ ಕಂಪನಿಗಳು ತಲೆಯೆತ್ತಿದುವು. ಒಂದು ಕಂಪನಿಯ ತಂತಿಗೂ ಇನ್ನೊಂದರ ತಂತಿಗೂ ಸಂಬಂಧವಿರಲಿಲ್ಲ. ಆದಕಾರಣ ವ್ಯಾಪಾರಿಗಳು ಎರಡು ಕಡೆಯ ಗಿರಾಕಿಗಳನ್ನೂ ಬಿಡಲಾರದೆ ಅಂಗಡಿಯಲ್ಲಿ ಎರಡೆರಡು ಟೆಲಿಫೋನುಗಳನ್ನು ಇಟ್ಟುಕೊಳ್ಳಬೇಕಾಯಿತು. ಅಷ್ಟು ವೆಚ್ಚವನ್ನು ತಾಳಲಾರದ ಮನೆಯವರ ಮುಂದೆ ಇದ್ದ ಪ್ರಶ್ನೆ ಒಂದೇ: ತಮಗೆ ಬೇಕಾದವರು ಯಾವ ಕಂಪನಿಯ ತಂತಿಯಲ್ಲಿದ್ದಾರೆ? ಬೆಲ್ ವ್ಯವಸ್ಥೆಯ ಅಧ್ಯಕ್ಷನಾಗಿದ್ದ ಥಿಯೋಡೋರ್ ವೇಲನು ಇದನ್ನು ಚೆನ್ನಾಗಿ ಅರಿತಿದ್ದನು. ಇನ್ನೊಂದು ತುದಿಯಲ್ಲಿ ಸಂಪರ್ಕವಿಲ್ಲದ ಟೆಲಿಫೋನು ಆಟಿಕೆಯೂ ಅಲ್ಲವೆಂಬ ಭಾವವನ್ನು ೧೯೦೮ರ ಸುಮಾರಿನಲ್ಲಿ ಅವನು ತನ್ನ ಕಂಪನಿಯ ವರದಿಯಲ್ಲಿ ಸೂಚಿಸಿದನು. ಕೊನೆಗೆ ೧೯೧೩ರ ಡಿಸೆಂಬರಿನಲ್ಲಿ, ಸರ್ಕಾರದ ಒತ್ತಾಯಕ್ಕೆ ಮಣಿದು, ಕಂಪನಿಯು ತನ್ನ ದೂರದ ಮಾರ್ಗಗಳಿಗೆ ಸ್ವತಂತ್ರ ಕಂಪನಿಗಳವರನ್ನು ಸೇರಿಸಿಕೊಳ್ಳಲು ಒಪ್ಪಿತು.

ಇದರ ಶಾಸ್ತ್ರವನ್ನು ಅರ್ಥಶಾಸ್ತ್ರಜ್ಞರು ಬಹಳ ತಡವಾಗಿ ಬರೆದರು. ೧೯೭೪ರಲ್ಲಿ ಜೆಫ್ರಿ ರೋಲ್ಫ್ಸ್ ಎಂಬವರೂ, ೧೯೮೫ರಲ್ಲಿ ಕಾಟ್ಜ್ ಮತ್ತು ಶಪೀರೋ ಎಂಬವರೂ ಪ್ರಕಟಿಸಿದ ಪ್ರಬಂಧಗಳು ಇಲ್ಲಿ ಪ್ರಮಾಣಭೂತವಾದವು. ಸಂಪರ್ಕ ಸಾಧನದ ಬೆಲೆಯು ಅದನ್ನು ಬಳಸುವ ಇತರರ ಸಂಖ್ಯೆಯೊಡನೆ ಏರುತ್ತದೆಂಬುದು ಇವರ ಮುಖ್ಯ ಪ್ರಮೇಯ. ರೋಲ್ಫ್ಸರು ಗಮನಿಸಿದ ಮತ್ತೊಂದು ಅಂಶವು ನಮಗೆ ಇನ್ನೂ ಮುಖ್ಯವಾದುದು. ಮನುಷ್ಯನು ಲೋಕದ ಎಲ್ಲರೊಡನೆಯೂ ಮಾತನಾಡುವುದಿಲ್ಲ. ಅವನಿಗೆ ಬೇಕಾದವರು ಕೆಲವರೇ. ಆದ್ದರಿಂದ ಕೋಟಿ ಜನರಿರುವ ಆ್ಯಪಿಗಿಂತ, ತನ್ನ ಅಕ್ಕ, ಬಾಡಿಗೆ ಮನೆಯ ಯಜಮಾನ, ಸಹಪಾಠಿಗಳು ಇರುವ ಆ್ಯಪೇ ಅವನಿಗೆ ದೊಡ್ಡದು.

ಈ ದೃಷ್ಟಿಯಿಂದ ಭಾರತದ ಪ್ರಸಂಗವನ್ನು ನೋಡೋಣ. ಆ್ಯಪುಗಳ ಮೊದಲು ಇಲ್ಲಿ ಎಸ್‌ಎಂಎಸ್ ಇತ್ತು. ರೋಮನ್ ಲಿಪಿಯಲ್ಲಿ ಬರೆದರೆ ಒಂದು ಎಸ್‌ಎಂಎಸ್‌ನಲ್ಲಿ ೧೬೦ ಅಕ್ಷರಗಳು ಹಿಡಿಸುತ್ತವೆ. ಕನ್ನಡದಲ್ಲಿ ಬರೆದರೆ ೭೦ ಸಂಕೇತಗಳು ಮಾತ್ರ. ಅದರಲ್ಲಿಯೂ ಒತ್ತು, ಗುಣಿತ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. 'ಕ್ಷ' ಎಂಬ ಒಂದು ಅಕ್ಷರಕ್ಕೆ ಮೂರು ಸಂಕೇತಗಳು ಬೇಕು. ಒಂದು ಸಾಮಾನ್ಯ ವಾಕ್ಯವನ್ನು ಬರೆಯುವಷ್ಟರಲ್ಲಿ ಎರಡನೆಯ ಸಂದೇಶದ ಹಣ ತೆರಬೇಕಾಗುತ್ತಿತ್ತು. ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿತುದಕ್ಕೆ ನಮ್ಮವರ ಅನಾದರವನ್ನು ಮಾತ್ರ ದೂಷಿಸುವವರು ಈ ಲೆಕ್ಕವನ್ನು ಮರೆಯಬಾರದು. ಇದಲ್ಲದೆ ಯುಗಾದಿ, ದೀಪಾವಳಿ, ಹೊಸ ವರ್ಷದಂತಹ ದಿನಗಳಲ್ಲಿ, ಎಂದರೆ ಸಂದೇಶ ಕಳುಹಿಸಬೇಕಾದ ದಿನಗಳಲ್ಲಿಯೇ, ಕಂಪನಿಗಳು ರಿಯಾಯಿತಿ ದರವನ್ನು ತಡೆಹಿಡಿಯುತ್ತಿದ್ದುವು. ಇದರ ಮೇಲೆ, ಜಾಹೀರಾತುಗಳ ಹಾವಳಿಯನ್ನು ತಡೆಯಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೧ರ ಸೆಪ್ಟೆಂಬರ್ ೨೭ರಿಂದ ಒಂದು ಸಿಮ್ಮಿಗೆ ದಿನಕ್ಕೆ ೧೦೦ ಸಂದೇಶಗಳ ಮಿತಿಯನ್ನು ಹಾಕಿತು. ನವೆಂಬರಿನಲ್ಲಿ ಅದು ೨೦೦ಕ್ಕೆ ಏರಿತು. ೨೦೧೨ರ ಜುಲೈಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಖಾಸಗಿ ಸಂದೇಶಗಳ ಮಟ್ಟಿಗೆ ಅದನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಕಾಲೇಜು ತರುಣರು ಬೇರೆ ದಾರಿಯನ್ನು ಕಂಡುಕೊಂಡಿದ್ದರು.

ಆ ದಾರಿ ವಾಟ್ಸ್‌ಆ್ಯಪೇ ಏಕಾಯಿತು? ಯಾನ್ ಕೋಮ್ ಎಂಬವರು ೨೦೦೯ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಈ ಕಂಪನಿಯನ್ನು ನೋಂದಾಯಿಸಿದಾಗ ಬ್ಲ್ಯಾಕ್‌ಬೆರಿ ಮೆಸೆಂಜರು ಸುಮಾರು ಮೂರೂವರೆ ವರ್ಷ ಹಳೆಯದು, ಬಲು ಪ್ರಸಿದ್ಧವಾದುದು. ಆದರೆ ಅದು ಬ್ಲ್ಯಾಕ್‌ಬೆರಿ ಫೋನಿನಲ್ಲಿ ಮಾತ್ರ ನಡೆಯುತ್ತಿತ್ತು. ಸ್ನೇಹಿತನನ್ನು ಸೇರಿಸಿಕೊಳ್ಳಲು ಒಂದು ಗುಪ್ತಸಂಖ್ಯೆಯನ್ನು ಕೇಳಿ ಪಡೆಯಬೇಕಾಗಿತ್ತು. ವಾಟ್ಸ್‌ಆ್ಯಪು ಫೋನ್ ನಂಬರನ್ನೇ ಗುರುತಾಗಿ ಮಾಡಿಕೊಂಡಿತು. ಫೋನಿನಲ್ಲಿ ಬರೆದಿಟ್ಟುಕೊಂಡ ಹೆಸರುಗಳೇ ಸಿದ್ಧವಾದ ಬಳಗವಾದುವು. ಅಷ್ಟೇ ಅಲ್ಲದೆ, ಆಗ ನಮ್ಮಲ್ಲಿ ಹೇರಳವಾಗಿದ್ದ ನೋಕಿಯದ ಸಾಮಾನ್ಯ ಫೋನುಗಳಲ್ಲಿಯೂ ಅದು ನಡೆಯಿತು. ೨೦೧೩ರಲ್ಲಿ ಧ್ವನಿಸಂದೇಶದ ಸೌಕರ್ಯ ಬಂದುದರಿಂದ, ಬರೆಯಲು ಬಾರದ ಅಜ್ಜಿಯೂ ಬಳಗದೊಳಕ್ಕೆ ಬಂದಳು. ಬ್ಲ್ಯಾಕ್‌ಬೆರಿಯವರು ತಮ್ಮ ಆ್ಯಪನ್ನು ಇತರ ಫೋನುಗಳಿಗೆ ತೆರೆದುದು ೨೦೧೩ರ ಅಕ್ಟೋಬರಿನಲ್ಲಿ, ಕಾಲ ಮೀರಿತ್ತು. ೨೦೧೯ರ ಮೇ ೩೧ರಂದು ಜನಸಾಮಾನ್ಯರ ಪಾಲಿಗೆ ಅದು ಮುಚ್ಚಿತು. ಅದೇ ವರ್ಷ ವಾಟ್ಸ್‌ಆ್ಯಪಿನವರು ಭಾರತದಲ್ಲಿ ತಮಗೆ ೪೦ ಕೋಟಿ ಬಳಕೆದಾರರಿದ್ದಾರೆಂದು ಹೇಳಿಕೊಂಡರು.

ಇತರ ದೇಶಗಳ ಸ್ಥಿತಿಯು ಇದನ್ನೇ ಸಮರ್ಥಿಸುತ್ತದೆ. ಅಮೆರಿಕದಲ್ಲಿ ಎಸ್‌ಎಂಎಸ್ ಮಾಸಿಕ ಶುಲ್ಕದಲ್ಲಿಯೇ ಅಡಕವಾಗಿದ್ದುದರಿಂದ ಅಲ್ಲಿ ವಾಟ್ಸ್‌ಆ್ಯಪಿಗೆ ಇಲ್ಲಿನಂತಹ ಅವಸರದ ಗಿರಾಕಿಗಳು ದೊರೆಯಲಿಲ್ಲ. ಜಪಾನಿನಲ್ಲಿ ೨೦೧೧ರ ಮಾರ್ಚಿಯ ಭೂಕಂಪವಾದ ಮೂರು ತಿಂಗಳಿಗೆ ಹುಟ್ಟಿದ ಲೈನ್, ಕೊರಿಯದಲ್ಲಿ ೨೦೧೦ರ ಕಾಕಾವೊಟಾಕ್ ನೆಲೆನಿಂತುವು. ಒಂದೇ ಬಗೆಯ ಸಾಧನ. ಆದರೆ ದೇಶಕ್ಕೊಂದು ಹೆಸರು.

ಗುಣವೇ ನಿರ್ಣಾಯಕವಾಗಿದ್ದರೆ ಹೈಕ್ ಉಳಿಯಬೇಕಾಗಿತ್ತು. ೨೦೧೨ರ ಡಿಸೆಂಬರಿನಲ್ಲಿ ಭಾರತದಲ್ಲಿಯೇ ಹುಟ್ಟಿದ ಈ ಆ್ಯಪಿನಲ್ಲಿ ದೇಶಭಾಷೆಗಳ ಚಿತ್ರಸಂದೇಶಗಳಿದ್ದುವು; ಇಂಟರ್‌ನೆಟ್ ಇಲ್ಲದವರಿಗೆ ಎಸ್‌ಎಂಎಸ್ ಮೂಲಕ ಸಂದೇಶವನ್ನು ಮುಟ್ಟಿಸುವ ಏರ್ಪಾಡಿತ್ತು. ೨೦೧೬ರಲ್ಲಿ ೧೦ ಕೋಟಿ ಬಳಕೆದಾರರನ್ನು ತಲಪಿದುದಾಗಿ ಅವರು ಸಾರಿದರು. ೨೦೨೧ರ ಜನವರಿಯಲ್ಲಿ ಅದು ನಿಂತುಹೋಯಿತು. ತರುಣರು ಅದನ್ನು ವಿನೋದಕ್ಕೆ ಇಟ್ಟುಕೊಂಡರು. ಮನೆಯವರೊಡನೆ ಮಾತನಾಡಲು ಬೇರೆಯದು ಇದ್ದೇ ಇತ್ತು.

ವಿಚಿತ್ರವೆಂದರೆ ಅದೇ ಜನವರಿಯಲ್ಲಿಯೇ ವಾಟ್ಸ್‌ಆ್ಯಪಿನ ಬುಡವೂ ಅಲುಗಾಡಿದಂತೆ ತೋರಿತು. ಫೇಸ್‌ಬುಕ್ ಕಂಪನಿಯು ೨೦೧೪ರಲ್ಲಿ ಅದನ್ನು ಕೊಂಡಿತ್ತು. ಆ ತಿಂಗಳ ಮೊದಲ ವಾರದಲ್ಲಿ ಬಂದ ಹೊಸ ನಿಯಮಗಳನ್ನು ಫೆಬ್ರವರಿ ೮ರೊಳಗೆ ಒಪ್ಪಬೇಕೆಂದು ಬಳಕೆದಾರರಿಗೆ ತಿಳಿಸಲಾಯಿತು. ಖಾಸಗಿ ಮಾತುಗಳೆಲ್ಲ ಮಾರಾಟವಾಗುವುವೆಂಬ ಭಯ ಹಬ್ಬಿತು. ೨೦೧೬ರಿಂದಲೂ ವಾಟ್ಸ್‌ಆ್ಯಪಿನ ಸಂದೇಶಗಳು ಕಳುಹಿಸಿದವನೂ ಪಡೆದವನೂ ಹೊರತು ನಡುವೆ ಯಾರೂ ಓದಲಾರದ ಗೂಢಲಿಪಿಯಲ್ಲಿದ್ದು, ಹೊಸ ನಿಯಮವು ಅದನ್ನು ಮುಟ್ಟಿರಲಿಲ್ಲ. ಆದರೂ ೭೨ ಗಂಟೆಗಳಲ್ಲಿ ೨.೫ ಕೋಟಿ ಹೊಸಬರು ಬಂದರೆಂದು ಟೆಲಿಗ್ರಾಂ ಪ್ರಕಟಿಸಿತು. ಜನವರಿ ೧೫ರಂದು ಹೊಸಬರ ಒತ್ತಡದಿಂದ ಸಿಗ್ನಲ್ ಕೆಲಕಾಲ ಸ್ತಬ್ಧವಾಯಿತು. ಟೆಲಿಗ್ರಾಮಿನ ಸಾಮಾನ್ಯ ಸಂಭಾಷಣೆಗಳಿಗೆ ಅಂತಹ ಗೂಢಲಿಪಿಯ ರಕ್ಷಣೆಯೇ ಇಲ್ಲವೆಂಬುದನ್ನು, ರಕ್ಷಣೆಯನ್ನು ಅರಸಿ ಅಲ್ಲಿಗೆ ಓಡಿದವರಲ್ಲಿ ಎಷ್ಟು ಮಂದಿ ವಿಚಾರಿಸಿದ್ದರೋ ಕಾಣೆ.

ನಾನೂ ಆಗ ವಲಸೆ ಹೊರಟವರಲ್ಲಿ ಒಬ್ಬ. ನಮ್ಮ ಸ್ನಾತಕೋತ್ತರ ತರಗತಿಯ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಸುಮಾರು ನಲವತ್ತು ಮಂದಿ ಇದ್ದೆವು. ಎಲ್ಲರೂ ಸಿಗ್ನಲಿಗೆ ಹೋಗುವುದೆಂದು ಉತ್ಸಾಹದಿಂದ ಗೊತ್ತುಮಾಡಿದೆವು. ಹೋದವರು ಹನ್ನೊಂದು ಮಂದಿ. ಉಳಿದವರಿಗೆ ಮನಸ್ಸಿಲ್ಲದಿರಲಿಲ್ಲ. ಒಬ್ಬನಿಗೆ ಅಂಗಡಿಯ ಗಿರಾಕಿಗಳು, ಒಬ್ಬಳಿಗೆ ಮಗುವಿನ ಶಾಲೆಯ ಗುಂಪು, ಮತ್ತೊಬ್ಬನ ಫೋನಿನಲ್ಲಿ ಎರಡನೆಯ ಆ್ಯಪಿಗೆ ಜಾಗವಿಲ್ಲ. ನಾನು ಹಳೆಯದನ್ನು ಅಳಿಸಿಯೇಬಿಟ್ಟಿದ್ದೆ. ಮಾರ್ಚಿಯಲ್ಲಿ, ನಮಗೆ ಪಾಠ ಹೇಳಿದ್ದ ಹಿರಿಯ ಅಧ್ಯಾಪಕರೊಬ್ಬರು ತೀರಿಕೊಂಡ ವಾರ್ತೆಯು ಹಳೆಯ ಗುಂಪಿನಲ್ಲಿ ಬಂದಿತು. ನನಗೆ ತಿಳಿಯುವಾಗ ಸಂಸ್ಕಾರ ಮುಗಿದಿತ್ತು. ಆ ವಾರವೇ ಮರಳಿ ಬಂದೆ. ಮರಳುವಾಗ ನಿಯಮಗಳನ್ನು ಓದಿದೆನೆಂದು ಹೇಳಲಾರೆ.

೨೦೨೫ರ ಸೆಪ್ಟೆಂಬರ್ ಕೊನೆಯಲ್ಲಿ ಅರಟ್ಟೈಗೆ ಬಂದ ಪ್ರವಾಹವೂ ಇದೇ ಜಾತಿಯದು. ಜೋಹೊ ಕಂಪನಿಯ ಈ ಆ್ಯಪಿನ ಹೆಸರು ನಮ್ಮ 'ಹರಟೆ'ಗೆ ಸಮೀಪದ ತಮಿಳು ಶಬ್ದ. ಸ್ವದೇಶಿಯ ಕರೆಯಿಂದ, ದಿನಕ್ಕೆ ಮೂರು ಸಾವಿರವಿದ್ದ ಹೊಸ ನೋಂದಣಿಯು ಮೂರೇ ದಿನಗಳಲ್ಲಿ ಮೂರೂವರೆ ಲಕ್ಷಕ್ಕೆ ಏರಿತೆಂದು ಅದರ ಸ್ಥಾಪಕರು ಹೇಳಿದರು. ಆಗ ಅದರಲ್ಲಿ ಬರೆಹದ ಸಂದೇಶಗಳಿಗೆ ಆದ್ಯಂತ ಗೂಢಲಿಪಿ ಇರಲಿಲ್ಲ. ಬಂದವರಿಗೆ ಅದು ಅಡ್ಡಿಯಾದಂತೆ ಕಾಣಲಿಲ್ಲ. ಸೇರುವುದಕ್ಕೆ ಒಬ್ಬನ ಮನಸ್ಸು ಸಾಕು. ಉಳಿಯುವುದಕ್ಕೆ ಅವನ ಬಳಗದವರೆಲ್ಲರ ಮನಸ್ಸೂ ಬೇಕು.

ಅಧ್ಯಾಪಕರಾದ ನಾವು ಈ ವಿಷಯದಲ್ಲಿ ನಿರ್ಲಿಪ್ತರಲ್ಲ. ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನ, ಆಂತರಿಕ ಪರೀಕ್ಷೆಗಳ ಪ್ರಕಟಣೆಯನ್ನು ನಾವು ಗುಂಪಿನಲ್ಲಿ ಹಾಕಿ ಸೂಚನಾಫಲಕವನ್ನು ಖಾಲಿ ಬಿಟ್ಟಾಗ, ವಿದ್ಯಾರ್ಥಿಗಳ ಆಯ್ಕೆಯನ್ನು ನಾವೇ ಮಾಡಿದಂತಾಗುತ್ತದೆ. ಕೆಲವು ವರ್ಷಗಳ ಹಿಂದೆ ಗುಂಡಿಯ ಫೋನು ಮಾತ್ರ ಇದ್ದ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ಗಡುವು ಮುಗಿದ ನಾಲ್ಕನೆಯ ದಿನ ತಂದಳು. ಪ್ರಕಟಣೆಯು ಗುಂಪಿನಲ್ಲಿ ಬಂದಿತ್ತು. ಅದನ್ನು ಹಾಕಿದವನು ನಾನೇ. ಅಂದಿನಿಂದ ಒಂದು ಪ್ರತಿಯನ್ನು ಫಲಕಕ್ಕೂ ಅಂಟಿಸುತ್ತಿದ್ದೇನೆ.

ಟೆಲಿಫೋನಿನ ಸಮಸ್ಯೆಗೆ ೧೯೧೩ರಲ್ಲಿ ದೊರೆತಂತಹ ಪರಿಹಾರವು ಆ್ಯಪುಗಳಿಗೂ ಸಾಧ್ಯವೇ? ಯುರೋಪಿಯನ್ ಒಕ್ಕೂಟವು ತನ್ನ ಡಿಜಿಟಲ್ ಮಾರುಕಟ್ಟೆಗಳ ಕಾನೂನಿನ ಮೂಲಕ, ೨೦೨೪ರ ಮಾರ್ಚಿಯಿಂದ, ಕೇಳಿಕೊಂಡ ಇತರ ಆ್ಯಪುಗಳೊಡನೆ ಸಂದೇಶಗಳನ್ನು ವಿನಿಮಯಮಾಡಿಕೊಳ್ಳುವ ಹೊಣೆಯನ್ನು ವಾಟ್ಸ್‌ಆ್ಯಪಿನ ಮೇಲೆ ಹೊರಿಸಿದೆ. ಗೂಢಲಿಪಿಯು ಎರಡು ಕಡೆಯೂ ಕೆಡದಂತೆ ಇದನ್ನು ನಡೆಸುವುದು ತಂತಿಗೆ ತಂತಿಯನ್ನು ಬೆಸೆದಷ್ಟು ಸುಲಭವಲ್ಲ. ೨೦೨೫ರ ನವೆಂಬರಿನಲ್ಲಿ ಎರಡು ಸಣ್ಣ ಆ್ಯಪುಗಳೊಡನೆ ಅದು ಆರಂಭವಾಗುವುದಾಗಿ ಘೋಷಿಸಲಾಯಿತು. ಭಾರತದಲ್ಲಿ ೨೦೧೧ರ ಜನವರಿ ೨೦ರಿಂದ ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಹಕ್ಕು ದೇಶದಾದ್ಯಂತ ದೊರೆತಿದೆ. ಆದರೆ ಯುರೋಪಿನಲ್ಲಿ ಇರುವಂತಹ ಬಾಧ್ಯತೆಯನ್ನು ಸಂದೇಶದ ಆ್ಯಪುಗಳ ಮೇಲೆ ಹೊರಿಸುವ ಕಾನೂನು ಇಲ್ಲಿ ಇನ್ನೂ ಆಗಿಲ್ಲ.