ಲಾಗರ್‌ನ ಹೆಸರು ಕೈಯಾರೆ ಬರೆಯಬೇಕೆ?

ಬ್ಯಾಂಕಿನ ತಂತ್ರಾಂಶದಲ್ಲಿ ಹಣ ವರ್ಗಾವಣೆ ಅರ್ಧಕ್ಕೆ ನಿಂತರೆ ಎಂಜಿನಿಯರುಗಳು ಮೊದಲು ತೆರೆಯುವುದು ಲಾಗ್ ಫೈಲನ್ನು. ಯಾವ ಹೊತ್ತಿಗೆ ಏನಾಯಿತೆಂದು ತಂತ್ರಾಂಶವೇ ಬರೆದಿಟ್ಟ ದಿನಚರಿ ಅದು. ಬರೆಯುವ ಭಾಗಕ್ಕೆ ಲಾಗರ್ ಎನ್ನುತ್ತಾರೆ. ಜಾವಾದಲ್ಲಿ ಲಾಗರ್ ಯಾವ ಕ್ಲಾಸ್‌ನಲ್ಲಿದೆಯೋ ಆ ಕ್ಲಾಸ್‌ನ ಹೆಸರನ್ನೇ ಅದಕ್ಕಿಡುವುದು ವಾಡಿಕೆ. ಆ ಹೆಸರನ್ನು ಪ್ರತಿ ಫೈಲಿನಲ್ಲೂ ಕೈಯಾರೆ ಬರೆಯುವವರು ಇಂದಿಗೂ ಬಹಳ. ಪಕ್ಕದ ಫೈಲಿನಿಂದ ಸಾಲನ್ನು ನಕಲು ಮಾಡಿ ಹೆಸರು ಬದಲಿಸಲು ಮರೆತರೂ ಕಂಪೈಲರ್ ತಕರಾರು ಮಾಡದು. ಸಾಲ ವಿಭಾಗದ ದೋಷ ಠೇವಣಿ ವಿಭಾಗದ ಹೆಸರಿನಲ್ಲಿ ದಾಖಲಾಗುತ್ತಲೇ ಇರುತ್ತದೆ. ಯಂತ್ರಕ್ಕೆ ಮೊದಲೇ ಗೊತ್ತಿರುವ ಸಂಗತಿಯನ್ನು ಮನುಷ್ಯನಿಂದ ಮತ್ತೆ ಬರೆಸುವುದೇ ಈ ತಪ್ಪಿನ ಮೂಲ.

2004ರಲ್ಲಿ ಬಂದ ಜಾವಾ 5 ಅನೊಟೇಶನ್‌ಗಳನ್ನು ತಂದು ಈ ತಪ್ಪನ್ನು ತಡೆಯಲು ದಾರಿ ತೆರೆಯಿತು. ಅನೊಟೇಶನ್ ಎಂದರೆ ಕೋಡಿಗೆ ಅಂಟಿಸುವ ಚೀಟಿ. ಅದು ತಾನಾಗಿ ಏನನ್ನೂ ಮಾಡುವುದಿಲ್ಲ, ಓದುವವರಿಗೆ ಸೂಚನೆ ಕೊಡುತ್ತದೆ. 2009ರ ಜಾವಾ ಇಇ 6ರಲ್ಲಿ ಅದನ್ನು ಓದುವುದು ಕಂಟೇನರ್, ಅಂದರೆ ತಂತ್ರಾಂಶದ ಬಿಡಿಭಾಗಗಳನ್ನು ಸೃಷ್ಟಿಸಿ ಜೋಡಿಸುವ ವ್ಯವಸ್ಥೆ. ‘ಇನ್ಜೆಕ್ಟ್’ ಎಂಬ ಚೀಟಿ ಹೊತ್ತ ಲಾಗರ್ ಕಂಡರೆ ಕಂಟೇನರ್ ಅದನ್ನು ತಯಾರಿಸುವ ಮೆಥಡನ್ನು ಕರೆದು, ಯಾವ ಕ್ಲಾಸ್ ಕೇಳುತ್ತಿದೆ ಎಂಬ ವಿವರವನ್ನೂ ಕೊಡುತ್ತದೆ. ಆ ವಿವರದಿಂದಲೇ ಹೆಸರು ಹುಟ್ಟುತ್ತದೆ. ಇಂಥ ಒಂದೇ ಮೆಥಡ್ ಇಡೀ ತಂತ್ರಾಂಶಕ್ಕೆ ಸಾಕು. ಸ್ಪ್ರಿಂಗ್, ಜ್ಯೂಸ್ (Guice) ಎಂಬ ಕಂಟೇನರ್‌ಗಳಲ್ಲೂ ಇದನ್ನು ಸಾಧಿಸಬಹುದು, ವಿಧಾನ ಮಾತ್ರ ಬೇರೆ.

ಒಂದು ಸಾಲು ಉಳಿಸಲು ಇಷ್ಟೆಲ್ಲ ಮರೆಮಾಚಿದ ಯಂತ್ರಾಂಗ ಬೇಕೆ ಎಂದು ಅನುಭವಿಗಳು ಕೇಳುತ್ತಾರೆ. ಇಲ್ಲವಾಗುವುದು ಬರೀ ಸಾಲಲ್ಲ, ಆ ಸಾಲಿನಲ್ಲಿ ನುಸುಳುವ ತಪ್ಪು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕಂಟೇನರ್ ಲಾಗರ್‌ನ ಫೀಲ್ಡನ್ನು ತುಂಬುವುದು ಆಬ್ಜೆಕ್ಟನ್ನು ಸಿದ್ಧಪಡಿಸುವ ಕನ್‌ಸ್ಟ್ರಕ್ಟರ್ ಮುಗಿದ ಮೇಲೆ, ಹಾಗಾಗಿ ಕನ್‌ಸ್ಟ್ರಕ್ಟರ್‌ನೊಳಗೆ ಲಾಗರ್ ಇನ್ನೂ ಖಾಲಿ. ಲಾಗರನ್ನು ಕನ್‌ಸ್ಟ್ರಕ್ಟರ್‌ನ ಪ್ಯಾರಾಮೀಟರಾಗಿ ಕೇಳಿದರೆ ಈ ತೊಡಕಿಲ್ಲ. ಪರೀಕ್ಷೆಯಲ್ಲಿ ನಕಲಿ ಲಾಗರ್ ಕೊಡುವುದೂ ಸುಲಭ. ಆದರೆ ‘ನ್ಯೂ’ ಎಂದು ಪ್ರೋಗ್ರಾಮರ್ ತಾನೇ ಸೃಷ್ಟಿಸಿದ ಆಬ್ಜೆಕ್ಟ್‌ಗೆ ಕಂಟೇನರ್ ಏನನ್ನೂ ಒದಗಿಸದು. ಈ ಮಿತಿಯನ್ನು ಒಪ್ಪಲೇಬೇಕು. ಅಲ್ಲಿಗೆ ಲೊಂಬೊಕ್ ಎಂಬ ಜಾವಾ ಲೈಬ್ರರಿ ಸರಿ: ಕ್ಲಾಸ್‌ನ ಮೇಲೆ ಅದರ ಚೀಟಿ ಇದ್ದರೆ ಸರಿಯಾದ ಹೆಸರಿನ ಲಾಗರ್ ಕಂಪೈಲ್ ಆಗುವಾಗಲೇ ಸೇರಿಕೊಳ್ಳುತ್ತದೆ. ಕಂಟೇನರ್ ಸಾಕುವ ಭಾಗಗಳಿಗೆ ಇನ್ಜೆಕ್ಷನ್, ಉಳಿದವುಗಳಿಗೆ ಲೊಂಬೊಕ್. ಹೊಸದಾಗಿ ಕಟ್ಟುವ ತಂತ್ರಾಂಶದಲ್ಲಿ ಲಾಗರ್‌ನ ಹೆಸರನ್ನು ಕೈಯಾರೆ ಬರೆಯಲು ಕಾರಣವೇ ಉಳಿದಿಲ್ಲ.